ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್: ಯಂತ್ರಾಂಶ ಮತ್ತು ಸಂಪರ್ಕ ದೋಷಗಳನ್ನು ಪತ್ತೆ ಹಚ್ಚುವ ಕ್ರಮ

ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್ 2008ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಸಿಂಬಿಯನ್ ಎಸ್‌60 ಎಂಬ ಕಾರ್ಯಾಚರಣಾ ವ್ಯವಸ್ಥೆಯ ಐದನೆಯ ಆವೃತ್ತಿಯ ಮೊದಲ ಟಚ್‌ಸ್ಕ್ರೀನ್ ಫೋನ್ ಇದು. 3.2 ಇಂಚಿನ, 640 x 360 ಪಿಕ್ಸೆಲ್‌ಗಳ ಪರದೆ, 434 ಮೆಗಾಹರ್ಟ್ಸ್ ಪ್ರೊಸೆಸರ್, 128 ಎಂಬಿ ರ‍್ಯಾಮ್, ವೈ-ಫೈ, ಬ್ಲೂಟೂತ್, ಜಿಪಿಎಸ್, 3ಜಿ, 3.5 ಮಿ.ಮೀ. ಆಡಿಯೊ ಸಾಕೆಟ್ ಇವೆಲ್ಲವೂ 109 ಗ್ರಾಂ ತೂಕದೊಳಗೆ ಅಡಕವಾಗಿದ್ದವು. ಇಂದು ಅದನ್ನು ಕಪಾಟಿನಿಂದ ಹೊರತೆಗೆದು ಮತ್ತೆ ಬಳಸಲು ಹೊರಟವರು ಸಾಮಾನ್ಯವಾಗಿ ಹೇಳುವ ದೂರುಗಳು ಕೆಲವೇ: ನೆಟ್‌ವರ್ಕ್ ಸಿಗುತ್ತಿಲ್ಲ, ವೈ-ಫೈ ಸೇರಿದರೂ ಪುಟ ತೆರೆಯುತ್ತಿಲ್ಲ, ಹೆಡ್‌ಸೆಟ್ ಹಾಕಿದರೆ ಹಾಡಿನಲ್ಲಿ ಗಾಯಕರ ದನಿಯೇ ಕೇಳುತ್ತಿಲ್ಲ. ಈ ಮೂರರಲ್ಲಿಯೂ ಫೋನಿನ ಒಳಗೆ ಏನೂ ಕೆಟ್ಟಿರದೆ ಇರುವ ಸಾಧ್ಯತೆಯೇ ಹೆಚ್ಚು. ಫೋನು ಹಾಗೆಯೇ ಉಳಿದು ಅದರ ಸುತ್ತಲಿನ ಜಾಲ, ರೂಟರ್, ಜಾಲತಾಣಗಳು ಮತ್ತು ಹೆಡ್‌ಸೆಟ್‌ಗಳು ಬದಲಾಗಿವೆ. ಆದ್ದರಿಂದ ಪ್ರತಿಯೊಂದು ಲಕ್ಷಣದಲ್ಲಿಯೂ ದೋಷ ಫೋನಿನದೋ ಹೊರಗಿನ ಬದಲಾವಣೆಯದೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಸ್ಕ್ರೂ ಬಿಚ್ಚುವುದು, ಫ್ಯಾಕ್ಟರಿ ರೀಸೆಟ್ ಮಾಡುವುದು ಆ ಬಳಿಕದ ಮಾತು.

ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ಪರೀಕ್ಷಿಸಬೇಕು. ಬ್ಯಾಟರಿ, ಸಿಮ್, ಮೆಮೊರಿ ಕಾರ್ಡ್ ಮೂರನ್ನೂ ಒಟ್ಟಿಗೆ ಬದಲಿಸಿದಾಗ ಫೋನ್ ಸರಿಹೋದರೆ ಸಂತೋಷವೇನೋ ಆಗುತ್ತದೆ, ಆದರೆ ಕಾರಣ ತಿಳಿಯದು, ಮತ್ತು ಅದೇ ತೊಂದರೆ ಮರುಕಳಿಸಿದಾಗ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಮೊದಲು ಮಾದರಿಯನ್ನು ಖಚಿತಪಡಿಸಿಕೊಳ್ಳಿ

ಬ್ಯಾಟರಿ ತೆಗೆದರೆ ಕಾಣುವ ಚೀಟಿಯಲ್ಲಿ ಮಾದರಿಯ ಹೆಸರು ಮತ್ತು ಆರ್‌ಎಂ ಸಂಖ್ಯೆ ಇರುತ್ತವೆ. ಭಾರತದಲ್ಲಿ ಬಳಸಲು ತಕ್ಕದ್ದು 900 ಮತ್ತು 2100 ಮೆಗಾಹರ್ಟ್ಸ್ 3ಜಿ ತರಂಗಗಳಿಗೆ ಹೊಂದುವ ಆರ್‌ಎಂ-356. ಅಮೆರಿಕದಿಂದ ಬಂದ ಆರ್‌ಎಂ-428 ಮಾದರಿಯ 3ಜಿ 850 ಮತ್ತು 1900 ಮೆಗಾಹರ್ಟ್ಸ್‌ನದು, ಅದು ಇಲ್ಲಿನ 3ಜಿ ಜಾಲಕ್ಕೆ ಹೊಂದುವುದಿಲ್ಲ. ನೋಡಲು ಇದರಂತೆಯೇ ಇರುವ 5230 ಮಾದರಿಗೆ ವೈ-ಫೈ ಇಲ್ಲ. 5233 ಮಾದರಿಗಂತೂ ವೈ-ಫೈ, 3ಜಿ, ಜಿಪಿಎಸ್ ಮೂರೂ ಇಲ್ಲ. ಆ ಫೋನುಗಳ ಮೆನುವಿನಲ್ಲಿ ವೈ-ಫೈ ಕಾಣದಿರುವುದಕ್ಕೆ ಸಾಫ್ಟ್‌ವೇರ್ ದೋಷವನ್ನು ಹುಡುಕುತ್ತ ಕೂರುವುದು ವ್ಯರ್ಥ. *#0000# ಒತ್ತಿದರೆ ಫರ್ಮ್‌ವೇರ್, ಎಂದರೆ ಫೋನಿನ ಮೂಲ ತಂತ್ರಾಂಶದ ಆವೃತ್ತಿ ಕಾಣುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ.

ಫೋನ್ ಆನ್ ಆಗದಿದ್ದರೆ

ಈ ಫೋನ್ ಮೈಕ್ರೋ ಯುಎಸ್‌ಬಿ ಮೂಲಕ ಚಾರ್ಜ್ ಆಗುವುದಿಲ್ಲ. ಆ ಸಾಕೆಟ್ ದತ್ತಾಂಶಕ್ಕೆ ಮಾತ್ರ. ಚಾರ್ಜಿಂಗ್‌ಗೆ ನೋಕಿಯಾದ ತೆಳು ಪಿನ್, ಎಂದರೆ 2 ಮಿ.ಮೀ. ದುಂಡು ಪಿನ್ನಿನ ಚಾರ್ಜರ್ ಬೇಕು. ಇಂದಿನ ಕೇಬಲ್ ಚುಚ್ಚಿ ರಾತ್ರಿಯಿಡೀ ಬಿಟ್ಟರೂ ಜೀವ ಬರಲಿಲ್ಲವೆಂದರೆ ಅದು ನಿರೀಕ್ಷಿತವೇ ಆಗಿದೆ.

ಸರಿಯಾದ ಚಾರ್ಜರ್ ಹಾಕಿಯೂ ಪರದೆ ಬೆಳಗದಿದ್ದರೆ ಬ್ಯಾಟರಿಯನ್ನು ಹೊರತೆಗೆದು ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಸರಾಗವಾಗಿ ಸುತ್ತಿದರೆ ಅದು ಉಬ್ಬಿದೆ ಎಂದು ತಿಳಿಯಬೇಕು. ಅಂಥದ್ದನ್ನು ಮತ್ತೆ ಚಾರ್ಜ್ ಮಾಡಬಾರದು, ಒತ್ತಬಾರದು, ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಉಬ್ಬಿಲ್ಲದಿದ್ದರೆ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಪ್ಲಸ್ ಮತ್ತು ಮೈನಸ್ ಸಂಪರ್ಕಗಳ ನಡುವೆ ಅಳೆಯಿರಿ. ಪೂರ್ಣ ತುಂಬಿದ ಲೀಥಿಯಂ ಅಯಾನ್ ಬ್ಯಾಟರಿ 4.2 ವೋಲ್ಟ್ ಸಮೀಪ ತೋರಿಸಬೇಕು. ಅದರ ನಾಮಾಂಕಿತ ಮೌಲ್ಯ 3.7 ವೋಲ್ಟ್. ವರ್ಷಗಟ್ಟಲೆ ಬಳಸದೆ ಇಟ್ಟ ಬ್ಯಾಟರಿ ಇದಕ್ಕಿಂತ ಬಹಳ ಕೆಳಗಿಳಿದಿರುವುದೇ ಹೆಚ್ಚು, ಆಗ ಚಾರ್ಜರ್ ಹಾಕಿದ ಮೇಲೂ ಕೆಲ ನಿಮಿಷ ಪರದೆಯಲ್ಲಿ ಏನೂ ಮೂಡದಿರಬಹುದು. ಸ್ವಲ್ಪ ಕಾಯಿರಿ. ಇದರ 1320 ಮಿಲಿಆಂಪಿಯರ್ ಅವರ್ ಸಾಮರ್ಥ್ಯದ ಬಿಎಲ್-5ಜೆ ಬ್ಯಾಟರಿಯನ್ನೇ 5230, 5233, ಎಕ್ಸ್6, ಸಿ3 ಮಾದರಿಗಳೂ ಬಳಸುತ್ತಿದ್ದವು; ಮುಂದೆ ಬಂದ ಲೂಮಿಯಾ 520 ಕೂಡ ಬಿಎಲ್-5ಜೆ ಬ್ಯಾಟರಿಯದೇ. ಆದ್ದರಿಂದ ನೆಂಟರಿಷ್ಟರ ಮನೆಯಲ್ಲಿ ಚೆನ್ನಾಗಿರುವ ಒಂದನ್ನು ಕೇಳಿ ಪಡೆದು ಪರೀಕ್ಷಿಸುವುದು ಹೊಸದನ್ನು ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಚೆನ್ನಾಗಿರುವುದು ಖಚಿತವಾದ ಬ್ಯಾಟರಿಯಲ್ಲಿಯೂ ಫೋನ್ ಏಳದಿದ್ದರೆ ಮಾತ್ರ ಪವರ್ ಗುಂಡಿ ಅಥವಾ ಒಳಗಿನ ಬೋರ್ಡಿನ ಮೇಲೆ ಸಂಶಯಪಡಬಹುದು.

ನೆಟ್‌ವರ್ಕ್ ಸಿಗದಿದ್ದರೆ

ಇಲ್ಲಿ ಮೊದಲ ಪ್ರಶ್ನೆ ಸಿಮ್ ಯಾವ ಕಂಪನಿಯದು ಎಂಬುದು. 2016ರಲ್ಲಿ ಆರಂಭವಾದ ಜಿಯೋ ಜಾಲದಲ್ಲಿ 2ಜಿ, 3ಜಿ ಎರಡೂ ಇಲ್ಲ. ಅಲ್ಲಿ ಕರೆಗಳು ಕೂಡ 4ಜಿ ಅಥವಾ 5ಜಿ ಮೂಲಕವೇ ಸಾಗುತ್ತವೆ. ಆ ಸಿಮ್ಮನ್ನು ಈ ಫೋನಿಗೆ ಹಾಕಿದರೆ ಸಿಗ್ನಲ್ ಪಟ್ಟಿ ಖಾಲಿಯಾಗಿಯೇ ಉಳಿಯುತ್ತದೆ, ಅದು ಯಾವ ದುರಸ್ತಿಗೂ ಬಗ್ಗದು. ಏರ್‌ಟೆಲ್ 2020ರ ಹೊತ್ತಿಗೆ ತನ್ನ 3ಜಿ ಜಾಲವನ್ನು ಮುಚ್ಚಿದರೂ 2ಜಿಯನ್ನು ಉಳಿಸಿಕೊಂಡಿತು. ಆದ್ದರಿಂದ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟಕ್ಕೆ ಹೋಗಿ ನೆಟ್‌ವರ್ಕ್ ಮೋಡ್ ಯಾವುದಿದೆ ನೋಡಿ. ಹಿಂದೊಮ್ಮೆ ಒಳ್ಳೆಯ ವೇಗಕ್ಕೆಂದು ಯುಎಂಟಿಎಸ್ (3ಜಿ) ಮಾತ್ರ ಎಂದು ಆಯ್ದಿಟ್ಟವರ ಫೋನು ಈಗ ಎಂದೋ ನಿಂತುಹೋದ 3ಜಿಯನ್ನೇ ಹುಡುಕುತ್ತಿರುತ್ತದೆ. ಅದನ್ನು ಜಿಎಸ್‌ಎಂ (2ಜಿ) ಅಥವಾ ಎರಡನ್ನೂ ಹುಡುಕುವ ಡ್ಯುಯಲ್ ಮೋಡ್‌ಗೆ ಬದಲಿಸಿ, ಬಳಿಕ ಆಪರೇಟರ್ ಆಯ್ಕೆಯನ್ನು ಮ್ಯಾನುವಲ್‌ಗೆ ಇಟ್ಟು ಹುಡುಕಲು ಬಿಡಿ. ಹುಡುಕಾಟದಲ್ಲಿ ಕಂಪನಿಗಳ ಹೆಸರು ಒಂದೆರಡಾದರೂ ಬಂದರೆ ಆಂಟೆನಾ ಮತ್ತು ರೇಡಿಯೊ ಭಾಗ ಕೆಲಸ ಮಾಡುತ್ತಿವೆ ಎಂಬುದು ಖಚಿತ. ಇನ್ನು ನೋಡಬೇಕಾದ್ದು ಸಿಮ್ಮನ್ನು. ಬಯಲಿನಲ್ಲಿ ನಿಂತು ಹುಡುಕಿದರೂ ಒಂದು ಹೆಸರೂ ಬರದಿದ್ದರೆ ಆಂಟೆನಾದ ಸಂಪರ್ಕ ಅಥವಾ ರೇಡಿಯೊ ಭಾಗದ ದೋಷವನ್ನು ಗಂಭೀರವಾಗಿ ಪರಿಗಣಿಸಬೇಕು.

ಸಿಮ್ ವಿಷಯದಲ್ಲಿ ಈ ಫೋನಿನದೊಂದು ವಿಶೇಷ ಅಪಾಯವಿದೆ. ಸಿಮ್ ಎಡಬದಿಯ ಸೀಳಿನಿಂದ ಒಳಗೆ ಜಾರುತ್ತದೆ. ತೆಗೆಯುವಾಗ ಬ್ಯಾಟರಿಯನ್ನು ತೆಗೆದು, ಅದರ ಕೆಳಗಿರುವ ತೆರಪಿನಲ್ಲಿ ಸ್ಟೈಲಸ್ ತುದಿಯನ್ನಿಟ್ಟು ಸಿಮ್ಮನ್ನು ಪಕ್ಕಕ್ಕೆ ತಳ್ಳಬೇಕು. ಇದು ದೊಡ್ಡ ಅಳತೆಯ, 25 x 15 ಮಿ.ಮೀ. ಸಿಮ್ಮಿಗಾಗಿ ಮಾಡಿದ ವ್ಯವಸ್ಥೆ. ಇಂದಿನ ನ್ಯಾನೋ ಸಿಮ್ಮನ್ನು ಪ್ಲಾಸ್ಟಿಕ್ ಅಡಾಪ್ಟರಿನಲ್ಲಿ ಕೂರಿಸಿ ಒಳಗೆ ತಳ್ಳಿದರೆ, ಹೊರಗೆ ತಳ್ಳುವಾಗ ನ್ಯಾನೋ ಸಿಮ್ ಅಡಾಪ್ಟರಿನಿಂದ ಕಳಚಿ ಒಳಗೇ ಉಳಿಯಬಹುದು, ಅಥವಾ ಅಡಾಪ್ಟರಿನ ಖಾಲಿ ಚೌಕಟ್ಟು ಒಳಗಿನ ಸ್ಪ್ರಿಂಗ್ ಸಂಪರ್ಕಗಳಿಗೆ ಸಿಕ್ಕಿ ಅವುಗಳನ್ನು ಬಗ್ಗಿಸಬಹುದು. ಬಗ್ಗಿದ ಸಂಪರ್ಕವೇ ಮುಂದೆ ‘ಸಿಮ್ ಸೇರಿಸಿ’ ಎಂಬ ಸಂದೇಶಕ್ಕೆ ಕಾರಣವಾಗುತ್ತದೆ. ಮೂರು ಅಳತೆಗೂ ಗೆರೆ ಕೊರೆದಿರುವ ಹೊಸ ಸಿಮ್ ಕಾರ್ಡನ್ನು ಕಂಪನಿಯಿಂದ ಪಡೆದು, ನ್ಯಾನೋ ಭಾಗವನ್ನು ಮುರಿಯದೆ ದೊಡ್ಡ ಅಳತೆಯಲ್ಲಿಯೇ ಬಳಸುವುದು ಎಲ್ಲಕ್ಕಿಂತ ಕ್ಷೇಮ. ಈಗಾಗಲೇ ಅಡಾಪ್ಟರ್ ಒಳಗೆ ಸಿಕ್ಕಿಕೊಂಡಿದ್ದರೆ ಬಲವಾಗಿ ಎಳೆಯದೆ ದುರಸ್ತಿಗಾರರ ಕೈಗೆ ಕೊಡಿ.

ವೈ-ಫೈ: ಎಲ್ಲಿ ತಡೆಯಾಗುತ್ತಿದೆ?

ವೈ-ಫೈ ದೋಷವನ್ನು ನಾಲ್ಕು ಹಂತಗಳಲ್ಲಿ ಒಳಗಿನಿಂದ ಹೊರಗೆ ಸಾಗುತ್ತ ಪರೀಕ್ಷಿಸಬೇಕು. ಈ ಕ್ರಮವನ್ನು ತಪ್ಪಿಸಿ ನೇರವಾಗಿ ರೂಟರ್ ಬದಲಿಸಲು ಹೋದವರು ಅನಗತ್ಯ ವೆಚ್ಚಕ್ಕೆ ಗುರಿಯಾಗುತ್ತಾರೆ.

ಮೊದಲನೆಯದು ಚಿಪ್. *#62209526# ಒತ್ತಿರಿ. ವೈ-ಫೈ ಭಾಗದ ಮ್ಯಾಕ್ ವಿಳಾಸ, ಎಂದರೆ ಅದರ ಗುರುತಿನ ಸಂಖ್ಯೆ, ಪರದೆಯಲ್ಲಿ ಮೂಡಿದರೆ ಪ್ರೊಸೆಸರಿಗೂ ವೈ-ಫೈ ಚಿಪ್‌ಗೂ ಸಂವಹನ ನಡೆಯುತ್ತಿದೆ ಎಂದರ್ಥ. ಫೋನನ್ನು ಆರಿಸಿ ಬ್ಯಾಟರಿ ತೆಗೆದು ಮತ್ತೆ ಹಾಕಿ ಪರೀಕ್ಷಿಸಿದರೂ ವಿಳಾಸ ಬಾರದಿದ್ದರೆ ಯಂತ್ರಾಂಶವೇ ಕೆಟ್ಟಿರುವ ಸಂಭವ ಹೆಚ್ಚು, ಮುಂದಿನ ಹಂತಗಳಿಂದ ಪ್ರಯೋಜನವಿಲ್ಲ.

ಎರಡನೆಯದು ಗಾಳಿಯಲ್ಲಿನ ಸಂಕೇತ. ಈ ಫೋನ್ 802.11ಬಿ ಮತ್ತು ಜಿ ಮಾನಕಗಳನ್ನು ಮಾತ್ರ ಬಲ್ಲದು, ಅಂದರೆ 2.4 ಗಿಗಾಹರ್ಟ್ಸ್ ಮಾತ್ರ. 5 ಗಿಗಾಹರ್ಟ್ಸ್ ಜಾಲ ಅದರ ಪಟ್ಟಿಯಲ್ಲಿ ಎಂದಿಗೂ ಕಾಣಿಸಿಕೊಳ್ಳದು. ಎರಡೂ ತರಂಗಗಳಿರುವ ರೂಟರಿನಲ್ಲಿ 2.4 ಗಿಗಾಹರ್ಟ್ಸ್ ಜಾಲಕ್ಕೆ ಬೇರೆ ಹೆಸರು ಕೊಟ್ಟು ನೋಡಿ. ಆ ಜಾಲವನ್ನು ಎನ್ ಮಾನಕಕ್ಕೆ ಮಾತ್ರ ಸೀಮಿತಗೊಳಿಸಿದ್ದರೆ ಬಿ, ಜಿ, ಎನ್ ಮೂರೂ ಸೇರಿದ ಮಿಶ್ರ ಆಯ್ಕೆಗೆ ಬದಲಿಸಿ. ರೂಟರನ್ನು ಮುಟ್ಟುವ ಅನುಕೂಲವಿಲ್ಲದಿದ್ದರೆ ಇಂದಿನ ಮೊಬೈಲ್ ಒಂದರ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟು ಪರೀಕ್ಷಿಸಬಹುದು. ಐಫೋನಿನಲ್ಲಿ ಇದಕ್ಕೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಆಯ್ಕೆಯಿದೆ.

ಮೂರನೆಯದು ಭದ್ರತೆಯ ಕೀಲಿ. ಜಾಲ ಕಾಣುತ್ತದೆ, ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ ಸೇರಿಕೊಳ್ಳುವುದಿಲ್ಲ ಎಂದಾಗ ರೂಟರಿನಲ್ಲಿ ಡಬ್ಲ್ಯುಪಿಎ3 ಎಂಬ ವೈ-ಫೈ ಭದ್ರತಾ ಮಾನಕ ಇದೆಯೇ ನೋಡಿ. ಆ ಮಾನಕ ಬಂದದ್ದು 2018ರಲ್ಲಿ, ಈ ಫೋನಿಗೆ ಅದು ತಿಳಿಯದು, ಡಬ್ಲ್ಯುಪಿಎ2 ತಿಳಿಯುತ್ತದೆ. ಇದಕ್ಕಾಗಿ ಮನೆಯ ಇಡೀ ಜಾಲದ ಭದ್ರತೆಯನ್ನು ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಅತಿಥಿ ಜಾಲವನ್ನು ಪ್ರತ್ಯೇಕವಾಗಿ ತೆರೆದು, ಡಬ್ಲ್ಯುಪಿಎ2 ಇಟ್ಟು, ಹಳೆಯ ಫೋನನ್ನು ಅಲ್ಲಿಗಷ್ಟೇ ಸೇರಿಸಿ. ಸೇರಿದ ಸ್ವಲ್ಪ ಹೊತ್ತಿನಲ್ಲಿಯೇ ಸಂಪರ್ಕ ಕಡಿಯುತ್ತಿದ್ದರೆ ಫೋನಿನ ವೈ-ಫೈ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿರುವ ಪವರ್ ಸೇವಿಂಗ್ ಆಯ್ಕೆಯನ್ನು ನಿಲ್ಲಿಸಿ ನೋಡಬೇಕು; ಕೆಲವು ರೂಟರುಗಳು ನಿದ್ರೆಗೆ ಜಾರಿದ ಫೋನನ್ನು ಹೊರಹೋದದ್ದೆಂದು ಎಣಿಸಿಬಿಡುತ್ತವೆ.

ನಾಲ್ಕನೆಯ ಹಂತದಲ್ಲಿಯೇ ಹೆಚ್ಚಿನವರು ಎಡವುವುದು. ಫೋನ್ ಜಾಲಕ್ಕೆ ಸೇರಿದೆ, ಸಂಪರ್ಕದ ಚಿಹ್ನೆಯೂ ಇದೆ, ಬ್ರೌಸರಿನಲ್ಲಿ ಮಾತ್ರ ಯಾವ ತಾಣವೂ ತೆರೆಯುವುದಿಲ್ಲ. ಆಗ ರೂಟರಿನ ಸ್ವಂತ ಪುಟದ ವಿಳಾಸವನ್ನು, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಬ್ರೌಸರಿನಲ್ಲಿ ಬರೆದು ತೆರೆಯಿರಿ. ಅತಿಥಿ ಜಾಲದಿಂದ ಈ ಪುಟ ತೆರೆಯದಂತೆ ರೂಟರಿನಲ್ಲಿ ತಡೆಯಿರಬಹುದಾದ್ದರಿಂದ ಫೋನ್ ಮುಖ್ಯ ಜಾಲಕ್ಕೆ ಸೇರಬಲ್ಲದಾದರೆ ಈ ಪರೀಕ್ಷೆಯನ್ನು ಅಲ್ಲಿಯೇ ಮಾಡುವುದು ಲೇಸು. ಅನೇಕ ರೂಟರುಗಳ ಈ ಪುಟ ಗೂಢಲಿಪೀಕರಣವಿಲ್ಲದ ಸಾದಾ ಎಚ್‌ಟಿಟಿಪಿಯಲ್ಲಿರುತ್ತದೆ. ಅದು ತೆರೆದುಕೊಂಡರೆ ಚಿಪ್, ಆಂಟೆನಾ, ಪಾಸ್‌ವರ್ಡ್, ಐಪಿ ವಿಳಾಸ ಎಲ್ಲವೂ ಸರಿಯಾಗಿವೆ ಎಂಬುದು ಒಂದೇ ಪರೀಕ್ಷೆಯಲ್ಲಿ ಸಾಬೀತಾಗುತ್ತದೆ. ಉಳಿದದ್ದು ಹೊರಗಿನ ಜಗತ್ತಿನ ವಿಷಯ: ಇಂದಿನ ಜಾಲತಾಣಗಳು ಟಿಎಲ್‌ಎಸ್ 1.2 ಅಥವಾ ಅದಕ್ಕಿಂತ ಹೊಸ ಭದ್ರತಾ ಮಾನಕವನ್ನು ಕೇಳುತ್ತವೆ, 2008ರ ಬ್ರೌಸರು ಅದನ್ನು ಅರಿಯದು, ಹಾಗಾಗಿ ಕೈಕುಲುಕುವ ಮೊದಲೇ ಮಾತುಕತೆ ಮುರಿದುಬೀಳುತ್ತದೆ. ಫೋನಿನ ದಿನಾಂಕ ತಪ್ಪಿದ್ದರೂ ಪ್ರಮಾಣಪತ್ರದ ದೋಷ ತೋರಬಹುದು; ಬ್ಯಾಟರಿಯನ್ನು ಬಹುಕಾಲ ಹೊರಗಿಟ್ಟಿದ್ದ ಫೋನಿನಲ್ಲಿ ದಿನಾಂಕವನ್ನು ಮೊದಲು ಸರಿಪಡಿಸಿ. ವಾಟ್ಸ್‌ಆ್ಯಪ್ ತೆರೆಯದಿರುವುದೂ ಈ ಬಗೆಯದೇ, ಸಿಂಬಿಯನ್ ಎಸ್‌60 ಫೋನ್‌ಗಳಿಗೆ ಅದರ ಬೆಂಬಲ 2017ರ ಜೂನ್ ಕೊನೆಗೆ ನಿಂತಿತು. ಇಂಥ ಫೋನನ್ನು ವೈ-ಫೈ ಕೆಟ್ಟಿದೆ ಎಂದು ಬಿಚ್ಚುವುದು ಅನ್ಯಾಯ.

ಧ್ವನಿಯ ದೋಷಗಳು

ಕರೆಯಲ್ಲಿ ಎದುರಿನವರ ಮಾತು ಕೇಳದಿದ್ದರೆ ಕರೆ ನಡೆಯುತ್ತಿರುವಾಗಲೇ ಲೌಡ್‌ಸ್ಪೀಕರ್ ಆಯ್ದುಕೊಳ್ಳಿ. ಅಲ್ಲಿ ಸ್ಪಷ್ಟವಾಗಿ ಕೇಳಿದರೆ ದೋಷ ಇಯರ್‌ಪೀಸಿಗೆ ಸೀಮಿತ. ಇದು ಈ ಮಾದರಿಯ ಹೆಸರಾಂತ ದೋಷವೂ ಹೌದು: ಮೊದಲ ತಿಂಗಳುಗಳಲ್ಲಿ ತಯಾರಾದ ಫೋನ್‌ಗಳಲ್ಲಿ ಇಯರ್‌ಪೀಸಿನ ಸಂಪರ್ಕಬಿಂದುಗಳು ತೇವಾಂಶದಿಂದ ಹಾಳಾಗುತ್ತಿದ್ದುದನ್ನು ನೋಕಿಯಾ 2009ರಲ್ಲಿಯೇ ಒಪ್ಪಿಕೊಂಡಿತ್ತು. ಮಲೆನಾಡು, ಕರಾವಳಿಯಂಥ ಕಡೆ ಇಟ್ಟ ಫೋನಿನಲ್ಲಿ ಇದನ್ನು ಮೊದಲು ಸಂಶಯಿಸುವುದು ಸರಿ. ಇಯರ್‌ಪೀಸ್ ಬಿಡಿಭಾಗವಾಗಿ ಬದಲಿಸಬಹುದಾದದ್ದು, ಇಡೀ ಬೋರ್ಡಿಗೆ ಕೈಹಾಕಬೇಕಾಗಿಲ್ಲ.

ಇಯರ್‌ಪೀಸು, ಲೌಡ್‌ಸ್ಪೀಕರು ಎರಡರಲ್ಲಿಯೂ ಸದ್ದಿಲ್ಲವೆಂದರೆ ಪರದೆಯಲ್ಲಿ ಹೆಡ್‌ಸೆಟ್ ಚಿಹ್ನೆ ಇದೆಯೇ ಗಮನಿಸಿ. ಏನೂ ಚುಚ್ಚದಿದ್ದರೂ ಆ ಚಿಹ್ನೆ ಇದ್ದರೆ, ಸಾಕೆಟಿನೊಳಗಿನ ಧೂಳು ಅಥವಾ ಕಿಲುಬು ಹೆಡ್‌ಸೆಟ್ ಇದೆಯೆಂದು ಫೋನಿಗೆ ತಪ್ಪು ಸೂಚನೆ ಕೊಡುತ್ತಿರಬಹುದು. ಫೋನನ್ನು ಆರಿಸಿ, ಬ್ಯಾಟರಿ ತೆಗೆದು, ಒಣಗಿದ ಮೃದು ಬ್ರಷ್‌ನಿಂದ ಶುಚಿಗೊಳಿಸಿ. ಬಳಿಕ ಹೆಡ್‌ಸೆಟ್ಟನ್ನು ಕೆಲವು ಸಲ ಚುಚ್ಚಿ ತೆಗೆಯಿರಿ.

ಹೆಡ್‌ಸೆಟ್‌ನಲ್ಲಿ ವಾದ್ಯಗಳು ಕೇಳಿ ಗಾಯಕರ ದನಿ ಮಾತ್ರ ಮಾಯವಾಗುವ ಲಕ್ಷಣ ಕೇಳಲು ವಿಚಿತ್ರವಾಗಿದ್ದರೂ ಅದರ ಕಾರಣ ಬಹಳ ಸ್ಪಷ್ಟ. ಮೈಕ್ ಇರುವ 3.5 ಮಿ.ಮೀ. ಪಿನ್ನಿನಲ್ಲಿ ನಾಲ್ಕು ಲೋಹದ ಭಾಗಗಳಿರುತ್ತವೆ. ತುದಿ ಎಡ ಕಿವಿಗೆ, ಮೊದಲ ಉಂಗುರ ಬಲ ಕಿವಿಗೆ. ಉಳಿದೆರಡು ಮೈಕ್ ಮತ್ತು ಅರ್ಥ್ (ವಿದ್ಯುತ್ ಮರಳುವ ಸಾಮಾನ್ಯ ತಂತಿ). ಆ ಕಾಲದ ನೋಕಿಯಾ ಫೋನ್‌ಗಳು ಅನುಸರಿಸಿದ ಒಎಂಟಿಪಿ ಕ್ರಮದಲ್ಲಿ ಎರಡನೆಯ ಉಂಗುರ ಮೈಕಿನದು, ಬುಡದ ಭಾಗ ಅರ್ಥ್. ಇಂದು ಅಂಗಡಿಯಲ್ಲಿ ಸಿಗುವ ಹೆಡ್‌ಸೆಟ್‌ಗಳು ಬಹುಮಟ್ಟಿಗೆ ಸಿಟಿಐಎ ಕ್ರಮದವು, ಅವುಗಳಲ್ಲಿ ಈ ಎರಡೂ ಅದಲುಬದಲು. ಅಂಥದ್ದನ್ನು ಈ ಫೋನಿಗೆ ಚುಚ್ಚಿದರೆ ಎರಡೂ ಕಿವಿಗಳ ಸ್ಪೀಕರುಗಳಿಗೆ ಸರಿಯಾದ ಅರ್ಥ್ ಸಿಗದೆ ಎಡ ಬಲಗಳ ನಡುವಿನ ವ್ಯತ್ಯಾಸವಷ್ಟೇ ಕೇಳುತ್ತದೆ. ಧ್ವನಿಮುದ್ರಣದಲ್ಲಿ ಗಾಯನವನ್ನು ಸಾಮಾನ್ಯವಾಗಿ ಎರಡೂ ಬದಿಗೆ ಸಮನಾಗಿ ಇಟ್ಟಿರುವುದರಿಂದ ಅದೇ ಮೊದಲು ಅಳಿದುಹೋಗುತ್ತದೆ. ಖಚಿತಪಡಿಸಿಕೊಳ್ಳಲು ಹಾಡು ನಡೆಯುತ್ತಿರುವಾಗ ಹೆಡ್‌ಸೆಟ್‌ನ ಕರೆ ಗುಂಡಿಯನ್ನು ಒತ್ತಿ ಹಿಡಿಯಿರಿ. ಆ ಗುಂಡಿ ಮೈಕ್ ಮತ್ತು ಅರ್ಥ್ ತಂತಿಗಳನ್ನು ಜೋಡಿಸುವುದರಿಂದ ಒತ್ತಿರುವಷ್ಟು ಹೊತ್ತು ಗಾಯಕರ ದನಿ ಮರಳಿ ಬಂದರೆ ದೋಷ ಸಾಕೆಟಿನದಲ್ಲ ಎಂದು ನಿರ್ಧರಿಸಬಹುದು. ಮೈಕ್ ಇಲ್ಲದ, ಮೂರೇ ಭಾಗಗಳ ಪಿನ್ನಿರುವ ಸಾಮಾನ್ಯ ಇಯರ್‌ಫೋನ್ ಹಾಡು ಕೇಳಲು ಸಾಕು. ಮಾತನಾಡಲೂ ಬೇಕೆಂದರೆ ಒಎಂಟಿಪಿ ಮತ್ತು ಸಿಟಿಐಎ ಪರಿವರ್ತಕ ಪಿನ್ ಬಳಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸುವಾಗ ಈ ಎರಡು ಹೆಸರುಗಳನ್ನು ಹೇಳಿಯೇ ಕೇಳಿ.

ಪರದೆ ಮತ್ತು ಸಾಮೀಪ್ಯ ಸಂವೇದಕ

ಇದರ ಪರದೆ ಒತ್ತಡವನ್ನು ಅರಿಯುವ ರೆಸಿಸ್ಟಿವ್ ಬಗೆಯದು. ಎರಡು ಪಾರದರ್ಶಕ ವಾಹಕ ಪದರಗಳು ಬೆರಳೊತ್ತಿದ ಕಡೆ ಪರಸ್ಪರ ತಾಗಿದಾಗ ಆ ಸ್ಥಾನ ತಿಳಿಯುತ್ತದೆ. ಉಗುರು, ಸ್ಟೈಲಸ್, ಕೈಗವಸು ಯಾವುದರಿಂದ ಒತ್ತಿದರೂ ನಡೆಯಬೇಕು. ಇಂದಿನ ಫೋನಿನ ಅಭ್ಯಾಸದಲ್ಲಿ ಹಗುರವಾಗಿ ಸವರಿ ‘ಟಚ್ ಕೆಲಸ ಮಾಡುತ್ತಿಲ್ಲ’ ಎನ್ನುವವರು ಮೊದಲು ಸ್ಟೈಲಸಿನಿಂದ ಒತ್ತಿ ನೋಡಲಿ. ಕೈಬರಹದ ಆಯ್ಕೆಯನ್ನು ತೆರೆದು ಅಡ್ಡಕ್ಕೂ ಉದ್ದಕ್ಕೂ ನಿಧಾನವಾಗಿ ಗೆರೆ ಎಳೆಯಿರಿ. ಗೆರೆಗಳೆಲ್ಲ ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ಸರಿದು ಮೂಡಿದರೆ ಟಚ್ ಇನ್‌ಪುಟ್ ಸೆಟ್ಟಿಂಗ್ಸ್‌ನಲ್ಲಿರುವ ಕ್ಯಾಲಿಬ್ರೇಶನ್‌ನಿಂದ ಸರಿಹೋಗುತ್ತದೆ. ನಡುವೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಗೆರೆ ಕಡಿದುಹೋದರೆ ಪದರವೇ ಸವೆದಿದೆ, ಕ್ಯಾಲಿಬ್ರೇಶನ್ ಫಲಿಸದು. ಮುಟ್ಟದಿದ್ದರೂ ಅಂಚಿನಲ್ಲಿ ತಾನಾಗಿ ಒತ್ತಿದಂತಾಗುತ್ತಿದ್ದರೆ ಪರದೆ ಮತ್ತು ಚೌಕಟ್ಟಿನ ಸಂದಿಯಲ್ಲಿ ಕಸ ಸೇರಿರಬಹುದು; ದಪ್ಪ ಕಾಗದದ ಅಂಚಿನಿಂದ ಸುತ್ತಲೂ ಸವರಿ ತೆಗೆಯಿರಿ, ಲೋಹವನ್ನು ಬಳಸಬೇಡಿ. ಟಚ್ ಪದರ ಚಿತ್ರ ತೋರುವ ಎಲ್‌ಸಿಡಿಯಿಂದ ಬೇರೆಯಾಗಿಯೇ ಇರುವುದರಿಂದ ಚಿತ್ರ ಚೆನ್ನಾಗಿದ್ದರೆ ಅದೊಂದನ್ನೇ ಬದಲಿಸಿಕೊಡುವಂತೆ ಕೇಳಬಹುದು.

ಕರೆ ಆರಂಭವಾದ ಕೂಡಲೇ ಪರದೆ ಆರಿ, ಕಿವಿಯಿಂದ ದೂರ ಹಿಡಿದರೂ ಬೆಳಗದಿದ್ದರೆ ಇಯರ್‌ಪೀಸ್ ಪಕ್ಕದಲ್ಲಿರುವ ಸಾಮೀಪ್ಯ ಸಂವೇದಕ ಮುಚ್ಚಿಹೋಗಿದೆ. ಸ್ಕ್ರೀನ್‌ಗಾರ್ಡ್ ಆ ಭಾಗವನ್ನು ಆವರಿಸಿದ್ದರೆ ಅಷ್ಟು ಮಾತ್ರ ಕತ್ತರಿಸಿ ತೆಗೆಯಿರಿ. ಅಲ್ಲಿಯವರೆಗೆ ಕೆಂಪು ಗುಂಡಿಯಿಂದ ಕರೆ ಮುಗಿಸಬಹುದು.

ಜಿಪಿಎಸ್, ಮೆಮೊರಿ ಕಾರ್ಡ್, ಯುಎಸ್‌ಬಿ

ಜಿಪಿಎಸ್ ಪರೀಕ್ಷೆಯನ್ನು ನಕ್ಷೆಯ ಮೂಲಕ ಮಾಡಬಾರದು, ಏಕೆಂದರೆ ನಕ್ಷೆಗೆ ಅಂತರ್ಜಾಲವೂ ಬೇಕಾಗಬಹುದು. ಜಿಪಿಎಸ್ ಡೇಟಾ ಎಂಬ ಅಪ್ಲಿಕೇಶನ್ನಿನಲ್ಲಿ ಸ್ಯಾಟಲೈಟ್ ಸ್ಟೇಟಸ್ ತೆರೆದು ಬಯಲಿನಲ್ಲಿ ಆಕಾಶಕ್ಕೆ ಮುಖ ಮಾಡಿ ಇಡಿ. ಪೊಸಿಶನಿಂಗ್ ವಿಧಾನಗಳಲ್ಲಿ ಅಸಿಸ್ಟೆಡ್ ಜಿಪಿಎಸ್ ನಿಲ್ಲಿಸಿ ಇಂಟಿಗ್ರೇಟೆಡ್ ಜಿಪಿಎಸ್ ಒಂದನ್ನೇ ಉಳಿಸಿ. ಹೊರಗಿನ ನೆರವಿಲ್ಲದೆ ಮೊದಲ ಸಲ ಸ್ಥಾನ ಹಿಡಿಯಲು ಹಲವು ನಿಮಿಷ ಬೇಕಾಗುತ್ತದೆ. ಉಪಗ್ರಹಗಳ ಪೂರ್ಣ ಪಂಚಾಂಗ, ಎಂದರೆ ಅವುಗಳ ಪಥಗಳ ಮಾಹಿತಿ, ಆಕಾಶದಿಂದ ಇಳಿದು ಬರಲಿಕ್ಕೇ 12.5 ನಿಮಿಷ ಹಿಡಿಯುತ್ತದೆ. ಉಪಗ್ರಹಗಳ ಪಟ್ಟಿಗಳು ಏರಿಳಿಯುತ್ತಿದ್ದರೆ ರಿಸೀವರ್ ಜೀವಂತವಾಗಿದೆ. ನಾಲ್ಕು ಉಪಗ್ರಹಗಳು ಸಿಕ್ಕರೆ ಎತ್ತರವನ್ನೂ ಸೇರಿಸಿ ಸ್ಥಾನ ದೊರೆಯುತ್ತದೆ.

ಕಾರ್ಡ್ ಓದದಿದ್ದರೆ ಅದು 64 ಜಿಬಿ ಅಥವಾ ಅದಕ್ಕೂ ದೊಡ್ಡದೇ ನೋಡಿ. ಅವು ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿ ಬರುತ್ತವೆ, ಈ ಫೋನಿಗೆ ಓದಲು ಬರುವುದು ಫ್ಯಾಟ್32. ಫೋನಿನೊಂದಿಗೆ ಬರುತ್ತಿದ್ದ ಕಾರ್ಡೇ 8 ಜಿಬಿಯದು. ಕಂಪ್ಯೂಟರಿಗೆ ಮಾಸ್ ಸ್ಟೋರೇಜ್ ವಿಧಾನದಲ್ಲಿ ಜೋಡಿಸಿದಾಗ ಕಾರ್ಡ್ ಫೋನಿನಿಂದ ಕಾಣೆಯಾಗುವುದು ಸಹಜ, ಕೇಬಲ್ ತೆಗೆದರೆ ಮರಳುತ್ತದೆ.

ರೀಸೆಟ್ ಕೊನೆಗೆ

ಮೇಲಿನ ಯಾವ ಪರೀಕ್ಷೆಯಿಂದಲೂ ಕಾರಣ ತಿಳಿಯದೆ, ಫೋನ್ ತಾನಾಗಿ ಮರುಚಾಲನೆಗೊಳ್ಳುತ್ತಿದ್ದರೆ ಅಥವಾ ಮೆನುವಿನಲ್ಲಿಯೇ ಹೆಪ್ಪುಗಟ್ಟುತ್ತಿದ್ದರೆ, ಕಾರ್ಡನ್ನು ತೆಗೆದಿಟ್ಟು ಒಂದು ದಿನ ಬಳಸಿ; ಕೆಟ್ಟ ಕಾರ್ಡೇ ಇದಕ್ಕೆ ಕಾರಣವಾಗಿರಬಹುದು. ಸಿ ಡ್ರೈವ್, ಎಂದರೆ ಫೋನಿನ ಒಳಗಿನ ಮೆಮೊರಿಯಲ್ಲಿ ಬಳಕೆದಾರರಿಗೆ ಇರುವ ಜಾಗ 81 ಎಂಬಿ ಮಾತ್ರ, ಸಂದೇಶಗಳೂ ಅಪ್ಲಿಕೇಶನ್‌ಗಳೂ ಅದನ್ನು ತುಂಬಿದ್ದರೆ ಕಾರ್ಡಿಗೆ ಸಾಗಿಸಿ. ಬಳಿಕ *#7780# ಸೆಟ್ಟಿಂಗ್ಸ್‌ಗಳನ್ನು ಮೊದಲಿನ ಸ್ಥಿತಿಗೆ ತರುತ್ತದೆ. *#7370# ಅದಕ್ಕಿಂತ ಕಠಿಣವಾದದ್ದು, ಫೋನಿನೊಳಗಿನ ಸಂಪರ್ಕ ಸಂಖ್ಯೆ, ಸಂದೇಶ, ಅಪ್ಲಿಕೇಶನ್ ಎಲ್ಲವನ್ನೂ ಅಳಿಸುತ್ತದೆ. ಎರಡಕ್ಕೂ ಲಾಕ್ ಕೋಡ್ ಬೇಕು, ಬದಲಿಸಿರದಿದ್ದರೆ ಅದು 12345. ನೋಕಿಯಾದ ಸಿಂಬಿಯನ್ ಅಂಗಡಿ ಮುಚ್ಚಿರುವುದರಿಂದ ಅಳಿಸಿದ ಅಪ್ಲಿಕೇಶನ್‌ಗಳನ್ನು ಅಲ್ಲಿಂದ ಮತ್ತೆ ಪಡೆಯುವ ದಾರಿಯಿಲ್ಲ. ಸಂಪರ್ಕ ಸಂಖ್ಯೆಗಳನ್ನು ಮೆಮೊರಿ ಕಾರ್ಡಿಗೆ ನಕಲಿಸಿ, ಆ ಕಾರ್ಡನ್ನು ಹೊರತೆಗೆದು, ಬೇರೊಂದು ಸಾಧನದಲ್ಲಿ ತೆರೆದು ಪ್ರತಿ ಸರಿಯಾಗಿದೆಯೇ ಎಂದು ನೋಡಿದ ಬಳಿಕವೇ ಎರಡನೆಯ ಕೋಡನ್ನು ಒತ್ತಿ; ಬ್ಯಾಟರಿ ಪೂರ್ಣ ತುಂಬಿರಲಿ, ನಡುವೆ ಫೋನನ್ನು ಆರಿಸಬೇಡಿ.